ಚೀನಾದಿಂದ ಶಾಂಪೇನ್‌ಗೆ ಬರುವ ವಿದ್ಯಾರ್ಥಿ: ಯಾವುದು ಮೊದಲು, ಯಾವುದು ಆಮೇಲೆ

ಚೀನಾದ ವಿದ್ಯಾರ್ಥಿಯೊಬ್ಬ ಮುಂದಿನ ಸೆಮಿಸ್ಟರಿಗೆ ನೋಂದಣಿ ಆಗುತ್ತಿಲ್ಲ ಎಂದು ಬಂದರೆ ನಾನು ಮೊದಲು ಕೇಳುವುದು ಅವನ ಲಸಿಕೆ ಪುಸ್ತಕ. ಫೀಸು ಕಟ್ಟಿರುತ್ತಾನೆ, ವೀಸಾ ಸರಿಯಿರುತ್ತದೆ. ತಡೆ ಬಿದ್ದಿರುವುದು ಮಂಗನಬಾವಿನ ಒಂದು ಡೋಸಿಗೆ.

ನಾನು ಹೇಳುತ್ತಿರುವುದು ಅಮೆರಿಕದ ಇಲಿನಾಯ್ ರಾಜ್ಯದ ಅರ್ಬಾನಾ-ಶಾಂಪೇನ್ ಎಂಬ ಜೋಡಿ ಊರಿನ ಮಾತು. ಇಲ್ಲಿನ ವಿಶ್ವವಿದ್ಯಾಲಯಕ್ಕೂ ಚೀನಾಕ್ಕೂ ಹಳೆಯ ನಂಟು. ಚೀನಾದ ಹುಡುಗರನ್ನು ಓದಲು ಕರೆಸಿಕೊಳ್ಳಬೇಕೆಂದು ಇದರ ಅಧ್ಯಕ್ಷ ಎಡ್ಮಂಡ್ ಜೇಮ್ಸ್ 1906ರಲ್ಲೇ ಆಗಿನ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್‌ಗೆ ಬರೆದಿದ್ದರು. ಪ್ರತಿ ಆಗಸ್ಟಿನಲ್ಲಿ ಹೊಸಬರಿಗೆ ನೆರವಾಗುವ ನಮಗೆ ಕಂಡಿರುವುದಿಷ್ಟು: ಇಂಗ್ಲಿಷು, ಚಳಿ, ಊಟ ಇವುಗಳಿಗೆ ಎಲ್ಲರೂ ತಯಾರಾಗಿಯೇ ಬರುತ್ತಾರೆ. ಕೈಕೊಡುವುದು ಕೆಲಸಗಳ ಸರದಿ. ಅರ್ಧ ಕೆಲಸ ಮುಗಿಯಬೇಕಾದದ್ದು ವಿಮಾನ ಹತ್ತುವ ಮೊದಲು.

ಲಸಿಕೆಯಿಂದಲೇ ಶುರು ಮಾಡೋಣ. ಇಲಿನಾಯ್‌ನಲ್ಲಿ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಎರಡೆರಡು ಡೋಸ್ ಬೇಕು, ಮೊದಲನೆಯದು ಒಂದು ವರ್ಷ ತುಂಬಿದ ಮೇಲೆ ಹಾಕಿಸಿದ್ದಾಗಿರಬೇಕು. ಚೀನಾದ ಸರ್ಕಾರಿ ವೇಳಾಪಟ್ಟಿಯಲ್ಲಿ ಮೊದಲ ಡೋಸ್ ಎಂಟನೇ ತಿಂಗಳಿಗೆ, ಎರಡನೆಯದು ಹದಿನೆಂಟನೇ ತಿಂಗಳಿಗೆ. ಈಗ ಕಾಲೇಜಿಗೆ ಬರುತ್ತಿರುವವರಿಗೆ ಎಂಟನೇ ತಿಂಗಳಲ್ಲಿ ಸಿಕ್ಕಿದ್ದರಲ್ಲಿ ಸಾಮಾನ್ಯವಾಗಿ ಮಂಗನಬಾವಿನ ಭಾಗವೇ ಇರಲಿಲ್ಲ. ಇದ್ದರೂ ವಯಸ್ಸಿನ ಕಾರಣಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಪುಸ್ತಕದಲ್ಲಿ ಎರಡು ಮುದ್ರೆ ಕಂಡರೂ ಇಲ್ಲಿ ಅದು ಒಂದೇ. ಎರಡು ಡೋಸಿನ ನಡುವೆ ಕನಿಷ್ಠ 28 ದಿನ ಬೇಕಾದ್ದರಿಂದ ಜೂನ್ ಹೊತ್ತಿಗೇ ಚೀನಾದ ತಮ್ಮ ಊರಿನ ಅಂತಾರಾಷ್ಟ್ರೀಯ ಪ್ರಯಾಣ ಆರೋಗ್ಯ ಕೇಂದ್ರಕ್ಕೆ ಹೋಗಿ ಹಾಕಿಸಿಕೊಂಡು, ಇಂಗ್ಲಿಷಿನಲ್ಲಿ ಬರೆಸಿಕೊಂಡು ಬರುವುದು ಒಳ್ಳೆಯದು. ನಮ್ಮ ಕನ್ನಡದ ಹುಡುಗರಿಗೂ ಇದೇ ಗತಿ: ಭಾರತದ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವುದು ದಡಾರ-ರುಬೆಲ್ಲಾ ಮಾತ್ರ, ಮೊದಲನೆಯದು ಒಂಬತ್ತನೇ ತಿಂಗಳಿಗೆ.

ಕ್ಷಯದ ಪರೀಕ್ಷೆಯಲ್ಲಿ ಇನ್ನೊಂದು ಗೋಜಲು. ಹುಟ್ಟಿದ ಕೂಡಲೇ ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆ ಸುಮ್ಮಸುಮ್ಮನೆ ಪಾಸಿಟಿವ್ ಬರಬಹುದು, ಆಮೇಲೆ ಎದೆಯ ಎಕ್ಸ್‌ರೇ, ಓಡಾಟ. ಮೊದಲೇ ಇಗ್ರಾ ಎಂಬ ರಕ್ತಪರೀಕ್ಷೆ ಕೇಳಿ ಮಾಡಿಸಿಕೊಂಡರೆ ಬಿಸಿಜಿ ಅದಕ್ಕೆ ಅಡ್ಡ ಬರುವುದಿಲ್ಲ.

ಇನ್ನು ಫೋನು. ಚೀನಾದ ನಂಬರನ್ನು ಬಿಡಲೇಬಾರದು. ಅಲ್ಲಿನ ಬ್ಯಾಂಕು, ಹಣ ಪಾವತಿಯ ಅಲಿಪೇ, ಹರಟೆಯ ವೀಚಾಟ್ ಆಪ್ ಎಲ್ಲದರ ಒಟಿಪಿ ಬರುವುದು ಅದಕ್ಕೇ. ಹೊರಡುವ ಮೊದಲು ಅತಿ ಅಗ್ಗದ ತಿಂಗಳ ಪ್ಲಾನಿಗೆ ಇಳಿಸಿ, ಅಂತಾರಾಷ್ಟ್ರೀಯ ರೋಮಿಂಗ್ ಅಲ್ಲಿಂದಲೇ ಚಾಲೂ ಮಾಡಿಸಬೇಕು. ಇಲ್ಲಿ ಕೂತು ಮಾಡಿಸಲು ಹೋದರೆ ಗುರುತು ಪರಿಶೀಲನೆಗೂ ಅದೇ ನಂಬರಿಗೆ ಒಟಿಪಿ ಕಳಿಸುತ್ತಾರೆ. ಇದಕ್ಕೆ ಸೇರಿಕೊಂಡು ಬರುವ ಬಲೆ ಹೊಸ ಐಫೋನು. ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಮಾದರಿಗಳಲ್ಲಿ ಸಿಮ್ ಹಾಕುವ ಕಿಂಡಿಯೇ ಇಲ್ಲ, ಎಲ್ಲವೂ ಇ-ಸಿಮ್, ಅಂದರೆ ಫೋನಿನೊಳಗೇ ಇರುವ ಸಿಮ್. ಚೀನಾದ ಸಿಮ್ಮೋ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಹಳೆಯ ಫೋನ್ ಮಾರಿ ಇಲ್ಲಿ ಹೊಸದು ಕೊಂಡವರ ಕೈಯಲ್ಲಿ ಸಿಮ್ ಇರುತ್ತದೆ, ಹಾಕಲು ಜಾಗವಿರುವುದಿಲ್ಲ. ಚೀನಾದಲ್ಲಿ ಮಾರುವ ಹೆಚ್ಚಿನ ಐಫೋನುಗಳಲ್ಲಿ ಎರಡು ಪ್ಲಾಸ್ಟಿಕ್ ಸಿಮ್ ಹಿಡಿಸುತ್ತವೆ, ಅಂಥದ್ದನ್ನೇ ತಂದು ಇಲ್ಲಿ ಇನ್ನೊಂದು ಪ್ಲಾಸ್ಟಿಕ್ ಸಿಮ್ ಕೇಳಿ ಹಾಕಿಸಿಕೊಳ್ಳುವುದು ಸುಲಭ. ಗೂಗಲ್ ಸೇವೆ ಇಲ್ಲದ ಹುವಾವೇ ಫೋನಿದ್ದರೆ ಅಮೆರಿಕದ ಬ್ಯಾಂಕಿನ ಆಪ್ ಸತಾಯಿಸುತ್ತದೆ. 2022ರಲ್ಲಿ 3ಜಿ ನಿಲ್ಲಿಸಿದ ಮೇಲೆ ಇಲ್ಲಿನ ಫೋನ್ ಕಂಪನಿ ಎಟಿ ಅಂಡ್ ಟಿ ತನ್ನ ಪಟ್ಟಿಯಲ್ಲಿಲ್ಲದ ಫೋನುಗಳಿಗೆ ಕರೆಯನ್ನೇ ಕೊಡುವುದಿಲ್ಲ, ಸಿಮ್ ಕೊಳ್ಳುವ ಮೊದಲು ಮಾದರಿಯ ಹೆಸರು ಹಾಕಿ ನೋಡಬೇಕು.

ಹಣದ ವಿಷಯದಲ್ಲಿ ಲೆಕ್ಕ ಮುಖ್ಯ. ಚೀನಾದಲ್ಲಿ ಒಬ್ಬರಿಗೆ ವರ್ಷಕ್ಕೆ 50,000 ಡಾಲರಿನಷ್ಟು ವಿದೇಶಿ ವಿನಿಮಯದ ಮಿತಿ. (ಭಾರತದಿಂದ ಹೊರಗೆ ಹಣ ಕಳಿಸುವ ನಮ್ಮ ಎಲ್‌ಆರ್‌ಎಸ್ ಯೋಜನೆಯಲ್ಲಿ 2,50,000, ನಮ್ಮವರಿಗೆ ಈ ತಲೆಬಿಸಿ ಅರ್ಥವಾಗುವುದು ಕಷ್ಟ.) ಇಲ್ಲಿನ ಫೀಸು, ವಸತಿ ಸೇರಿದರೆ ಅದು ಸಾಲದು. ದಾರಿ ಎರಡು. ಪ್ರವೇಶಪತ್ರ ಮತ್ತು ಫೀಸಿನ ಬಿಲ್ಲು ತೋರಿಸಿದರೆ ಬ್ಯಾಂಕು ಮಿತಿ ಮೀರಿಯೂ ಕೊಡುತ್ತದೆ. ಇಲ್ಲವೇ ಅಪ್ಪ, ಅಮ್ಮ, ವಿದ್ಯಾರ್ಥಿ ತಮ್ಮತಮ್ಮ ಮಿತಿಯನ್ನು ಬಳಸಬಹುದು, ಜನವರಿ 1ಕ್ಕೆ ಅದು ಮತ್ತೆ ತುಂಬುತ್ತದೆ. ಚಿಕ್ಕಪ್ಪ, ಅತ್ತೆ, ಸೋದರಮಾವ ಎಲ್ಲರೂ ಸಾಲಾಗಿ ಒಂದೇ ಖಾತೆಗೆ ಕಳಿಸಿದರೆ ಮಿತಿ ತಪ್ಪಿಸಲು ಹಣ ಒಡೆದದ್ದೆಂದು ಗುರುತು ಬೀಳುತ್ತದೆ. ಚೀನಾದ ಯೂನಿಯನ್‌ಪೇ ಬ್ಯಾಂಕ್ ಕಾರ್ಡಿನಿಂದ ಇಲ್ಲಿನ ಎಟಿಎಂನಲ್ಲಿ ತೆಗೆಯಬಹುದು, ಆದರೆ ದಿನಕ್ಕೆ ಕಾರ್ಡಿಗೆ 10,000 ಯುವಾನ್, ವರ್ಷಕ್ಕೆ ಒಬ್ಬರಿಗೆ ಎಲ್ಲ ಕಾರ್ಡೂ ಸೇರಿ 1,00,000. ಮೊದಲ ತಿಂಗಳ ಬಾಡಿಗೆ, ಅಡ್ವಾನ್ಸು, ಹಾಸಿಗೆ ಇಷ್ಟಕ್ಕೆ ಧಾರಾಳ.

ಬ್ಯಾಂಕ್ ಖಾತೆಗೆ ಪಾಸ್‌ಪೋರ್ಟ್, ಐ-20 (ವಿದ್ಯಾರ್ಥಿ ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಪತ್ರ), ಇಲ್ಲಿನ ವಿಳಾಸ ಸಾಕು. ಸೋಷಿಯಲ್ ಸೆಕ್ಯುರಿಟಿ ನಂಬರ್ (ದುಡಿಯುವವರಿಗೆ ಅಮೆರಿಕ ಸರ್ಕಾರ ಕೊಡುವ ಸಂಖ್ಯೆ) ಬೇಕೇಬೇಕು ಎಂದು ಯಾರಾದರೂ ಹೇಳಿದರೆ ಬೇರೆ ಶಾಖೆಗೆ ಹೋಗಿ. ಆ ನಂಬರ್ ಸಿಗುವುದು ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕ ಮೇಲೆ, ದೇಶಕ್ಕೆ ಬಂದು ಹತ್ತು ದಿನವಾದರೂ ಕಳೆದು ವಿಶ್ವವಿದ್ಯಾಲಯ ಸೆವಿಸ್ ಎಂಬ ಸರ್ಕಾರದ ವಿದೇಶಿ ವಿದ್ಯಾರ್ಥಿಗಳ ದಾಖಲೆಯಲ್ಲಿ ನೋಂದಾಯಿಸಿದ ಮೇಲೆ. ಖಾತೆಯ ಹೆಸರು ಪಾಸ್‌ಪೋರ್ಟಿನಂತೆಯೇ ಇರಲಿ, ಎರಡು ಚೀನೀ ಅಕ್ಷರದ ಹೆಸರನ್ನು ಒಡೆದು ಒಂದು ತುಂಡನ್ನು ನಡುವಿನ ಹೆಸರಾಗಿಸಬೇಡಿ. ಒಂದೊಂದು ಕಡೆ ಒಂದೊಂದು ಹೆಸರಾದರೆ ಚೀನಾದಿಂದ ಬಂದ ಹಣ ವಾಪಸು ಹೋಗುತ್ತದೆ. ಒಂದೇ ಹೆಸರಿನ ಪಾಸ್‌ಪೋರ್ಟ್ ಇಟ್ಟುಕೊಂಡು ವೀಸಾದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಆಗಿಬಿಡುವ ನಮ್ಮವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಐ-20ಯಲ್ಲಿರುವ ಆರಂಭದ ದಿನಕ್ಕೆ 30 ದಿನಕ್ಕಿಂತ ಮುಂಚೆ ಒಳಗೆ ಬಿಡುವುದಿಲ್ಲ. ಬಂದ ದಿನವೇ ಐ-94 ಎಂಬ ಪ್ರವೇಶದ ದಾಖಲೆ ತೆಗೆದು ಹೆಸರು, ಎಫ್-1 (ವಿದ್ಯಾರ್ಥಿ ವೀಸಾದ ಬಗೆ), ತಾರೀಖು ಸರಿಯಿದೆಯೇ ನೋಡಿ. ಮನೆ ಬದಲಾದರೆ ಹತ್ತು ದಿನದೊಳಗೆ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ತಿಳಿಸಬೇಕು. ಷಿಕಾಗೋದ ಒಹೇರ್ ವಿಮಾನ ನಿಲ್ದಾಣದಿಂದ ಇಲ್ಲಿಗೆ 200 ಕಿಲೋಮೀಟರಿಗೂ ಹೆಚ್ಚು. ಬಸ್ಸಿದೆ, ಯೂನಿಯನ್ ಸ್ಟೇಷನ್ನಿನಿಂದ ಆಮ್‌ಟ್ರಾಕ್ ರೈಲಿದೆ, ಮಧ್ಯಾಹ್ನದೊಳಗೆ ಇಳಿಯುವ ವಿಮಾನ ಹಿಡಿದರೆ ಕೊನೆಯ ಬಸ್ಸಿನ ಚಿಂತೆಯಿಲ್ಲ. ಹೊಸ ಪದವಿ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯ ಒಪ್ಪಿದ ವಸತಿಯೇ ಆಗಬೇಕು. ಹೊರಗೆ ಮನೆ ಮಾಡುವವರು ಲೀಸಿನ ತಾರೀಖು ನೋಡಿಕೊಳ್ಳಬೇಕು: ಇಲ್ಲಿ ಲೀಸುಗಳು ಆಗಸ್ಟಿನ ನಡುವೆ ಶುರುವಾಗುತ್ತವೆ, ಅದಕ್ಕೆ ಮೊದಲೇ ಬಂದಿಳಿದವರಿಗೆ ಕೆಲವು ರಾತ್ರಿ ಸೂರಿರುವುದಿಲ್ಲ. ಜಂಟಿ ಲೀಸಿಗೆ ಸಹಿ ಹಾಕಿದರೆ ಜೊತೆಯವನು ಓಡಿಹೋದಾಗ ಅವನ ಪಾಲೂ ನಿಮ್ಮದೇ.

ಸೂಟ್‌ಕೇಸಿನಲ್ಲಿ ರೈಸ್ ಕುಕ್ಕರ್ ತರಬೇಡಿ. ಚೀನಾದ ಎರಡು ಚಪ್ಪಟೆ ಪಿನ್ನಿನ ಪ್ಲಗ್ ಅಮೆರಿಕದ ಸಾಕೆಟ್ಟಿನಲ್ಲಿ ಸಲೀಸಾಗಿ ಕೂರುತ್ತದೆ, ಮೋಸವಾಗುವುದೇ ಅಲ್ಲಿ. ಅದು 220 ವೋಲ್ಟಿನದು, ಇಲ್ಲಿ 120. 700 ವ್ಯಾಟಿನ ಕುಕ್ಕರ್ ಸುಮಾರು 200 ವ್ಯಾಟಿಗೆ ಇಳಿದು, ಅಕ್ಕಿ ಬೇಯದೆ ನೆನೆದು ಉಬ್ಬುತ್ತದೆ. 100-240 ಎಂದು ಬರೆದಿರುವ ಫೋನ್, ಲ್ಯಾಪ್‌ಟಾಪ್ ಚಾರ್ಜರ್ ಮಾತ್ರ ಸರಿ. ಕನ್ನಡಕ ಎರಡು ಜೊತೆ ತನ್ನಿ, ಇಲ್ಲಿ ದುಬಾರಿ. ಮಾಂಸದ ಸಾಸೇಜು, ಮಾಂಸ ಸೇರಿದ ಮೂನ್‌ಕೇಕ್ ಎಂಬ ಹಬ್ಬದ ತಿನಿಸು ಬೇಡ. ತಿನಿಸು ಏನೇ ಇದ್ದರೂ ಕಸ್ಟಮ್ಸಿನಲ್ಲಿ ಬರೆದುಕೊಡಿ. ನೆಗಡಿಗೆಂದು ಮನೆಯವರು ತುಂಬಿಕೊಡುವ ಲಿಯಾನ್‌ಹುವಾ ಚಿಂಗ್‌ವೆನ್ ಎಂಬ ಚೀನೀ ಔಷಧಿಯಲ್ಲಿ ಎಫೆಡ್ರಾ ಗಿಡದ ಅಂಶವಿದೆ, ಅದೂ ಬೇಡ. ಇಲ್ಲಿನ ಎಷ್ಟೋ ಅಡುಗೆಮನೆಗಳ ಚಿಮಣಿ ಹೊಗೆಯನ್ನು ಹೊರಗೆ ಬಿಡುವುದಿಲ್ಲ, ಸೋಸಿ ಮತ್ತೆ ಒಳಕ್ಕೇ ಊದುತ್ತದೆ. ಎಣ್ಣೆ ಹೊಗೆಯಾಡುವಷ್ಟು ವೋಕ್ ಬಾಣಲೆ ಕಾಯಿಸಿದರೆ ಬೆಂಕಿಯ ಅಲಾರಂ ಕೂಗಿ ಇಡೀ ಕಟ್ಟಡ ರಸ್ತೆಗಿಳಿಯುತ್ತದೆ. ಕಿಟಕಿ ತೆರೆಯಿರಿ, ಉರಿ ತಗ್ಗಿಸಿ, ಅಲಾರಮ್ಮಿಗೆ ಮಾತ್ರ ಕವರ್ ಕಟ್ಟಬೇಡಿ.

ವೀಚಾಟ್ ಗುಂಪುಗಳಿಲ್ಲದೆ ಇಲ್ಲಿ ಹಳೆಯ ಮೇಜೂ ಸಿಗುವುದಿಲ್ಲ, ಸರಿ. ಆದರೆ ಅಲ್ಲೇ ಮೂರು ಮೋಸಗಳು. ಒಂದು, ಫೀಸಿಗೆ ರಿಯಾಯಿತಿ: ನಿಮ್ಮ ಫೀಸು ನಾನು ಕಟ್ಟುತ್ತೇನೆ, ನನಗೆ ಕಡಿಮೆ ಯುವಾನ್ ಕೊಡಿ ಎನ್ನುತ್ತಾರೆ. ಕದ್ದ ಕಾರ್ಡಿನಿಂದ ಕಟ್ಟಿ ರಸೀದಿ ತೋರಿಸುತ್ತಾರೆ, ಕೆಲವು ವಾರಗಳಲ್ಲಿ ಬ್ಯಾಂಕು ಆ ಹಣವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಬಾಕಿ ನಿಮ್ಮ ತಲೆಗೆ. ಎರಡು, ಅಪರಿಚಿತರ ಜೊತೆ ಖಾಸಗಿಯಾಗಿ ಯುವಾನ್-ಡಾಲರ್ ಅದಲುಬದಲು: ಆಚೆಯಿಂದ ಬಂದದ್ದು ಕಳ್ಳಹಣವಾದರೆ ಅಪ್ಪ-ಅಮ್ಮನ ಖಾತೆಯೇ ಮುಟ್ಟುಗೋಲು. ಮೂರನೆಯದು ಕ್ರೂರವಾದದ್ದು. ಕಾನ್ಸುಲೇಟಿನಿಂದ, ಚೀನಾದ ಪೊಲೀಸರಿಂದ ಎಂದು ಮ್ಯಾಂಡರಿನ್‌ನಲ್ಲಿ ಕರೆ ಬರುತ್ತದೆ, ನಿಮ್ಮ ಹೆಸರಿನಲ್ಲಿ ಕೇಸಿದೆ ಎಂದು ಹೆದರಿಸಿ ಹಣ ಕೀಳುತ್ತಾರೆ, ಕೆಲವೊಮ್ಮೆ ವಿದ್ಯಾರ್ಥಿಯನ್ನು ಒಂಟಿಯಾಗಿ ಅಡಗಿ ಕೂರುವಂತೆ ಮಾಡಿ ಅಪಹರಣವಾಗಿದೆ ಎಂದು ಮನೆಯವರನ್ನೂ ಸುಲಿಯುತ್ತಾರೆ. ಭಾರತದ ಡಿಜಿಟಲ್ ಅರೆಸ್ಟ್ ಮೋಸ ಇದರ ದಾಯಾದಿ. ಕರೆ ಕತ್ತರಿಸಿ ಕ್ಯಾಂಪಸ್ ಪೊಲೀಸರಿಗೆ ಹೇಳುವುದೊಂದೇ ಉಪಾಯ.

ಓದಿನಲ್ಲಿ ಹೇಳಬೇಕಾದದ್ದು ಒಂದೇ. ಪದವಿ ವಿದ್ಯಾರ್ಥಿಗೆ ಸೆಮಿಸ್ಟರಿಗೆ 12 ಕ್ರೆಡಿಟ್ ಇರಲೇಬೇಕು, ಅದರಲ್ಲಿ ಪೂರ್ತಿ ಆನ್‌ಲೈನ್ ಕೋರ್ಸ್ ಒಂದೇ ಲೆಕ್ಕಕ್ಕೆ ಬರುತ್ತದೆ. ಕಷ್ಟದ ಕೋರ್ಸ್ ಬಿಡಲು ವಿಭಾಗದ ಸಲಹೆಗಾರರು ಹೂಂ ಅಂದರೆ ಸಾಲದು. ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಒಪ್ಪಿಗೆ ಮೊದಲು ಬರಬೇಕು, ಕೋರ್ಸ್ ಬಿಡುವುದು ಆಮೇಲೆ. ತಿರುಗುಮುರುಗಾದರೆ ವಿದ್ಯಾರ್ಥಿ ಸ್ಥಾನಮಾನಕ್ಕೇ ಕುತ್ತು.

ಕ್ಯಾಂಪಸ್ ಕೆಲಸ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ. ಅಮೆರಿಕ-ಚೀನಾ ತೆರಿಗೆ ಒಪ್ಪಂದದ 20ನೇ ವಿಧಿಯಂತೆ ವರ್ಷಕ್ಕೆ 5,000 ಡಾಲರ್ ಸಂಬಳಕ್ಕೆ ತೆರಿಗೆಯಿಲ್ಲ. ಅದಕ್ಕೆ ಸಂಬಳ ಕೊಡುವವರಿಗೆ ಫಾರ್ಮ್ 8233 ಎಂಬ ವಿನಾಯಿತಿಯ ಅರ್ಜಿ ಕೊಡಬೇಕು. ಭಾರತದ ವಿದ್ಯಾರ್ಥಿಗಳಿಗೆ ಈ ವಿನಾಯಿತಿ ಇಲ್ಲ, ಬದಲಿಗೆ ಅಮೆರಿಕ-ಭಾರತ ಒಪ್ಪಂದದ 21ನೇ ವಿಧಿಯಡಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ತೆರಿಗೆ ಬೀಳದ ಒಂದು ಪಾಲು) ಸಿಗುತ್ತದೆ, ಹಾಗಾಗಿ ಚೀನಾದ ರೂಮ್‌ಮೇಟ್ ತುಂಬಿದ್ದನ್ನು ನೋಡಿ ತುಂಬಬೇಡಿ. ಮೊದಲ ಐದು ಕ್ಯಾಲೆಂಡರ್ ವರ್ಷ ಇಬ್ಬರ ಸಂಬಳದಲ್ಲೂ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ಕಡಿತ ಆಗಬಾರದು, ಮೊದಲ ಪೇಸ್ಲಿಪ್ಪಿನಲ್ಲೇ ನೋಡಿಕೊಳ್ಳಿ. ತುಂಬಬೇಕಾದದ್ದು 1040-ಎನ್‌ಆರ್ ಎಂಬ ಅನಿವಾಸಿಗಳ ತೆರಿಗೆ ಫಾರ್ಮು, ಏಪ್ರಿಲ್ 15ರೊಳಗೆ. ಅಮೆರಿಕನ್ ಸಹಪಾಠಿಗಳು ಬಳಸುವ ತಂತ್ರಾಂಶ ಸಾಮಾನ್ಯವಾಗಿ ನಿವಾಸಿಗಳ 1040 ತಯಾರಿಸಿ ಕೊಡುತ್ತದೆ, ಅದು ತಪ್ಪು ಫಾರ್ಮು. ಒಂದು ಡಾಲರೂ ದುಡಿಯದವರು ಸಹ ಫಾರ್ಮ್ 8843 ಎಂಬ ತೆರಿಗೆ ಇಲಾಖೆಯ ಹೇಳಿಕೆ ತುಂಬಿ, ಸಹಿ ಮಾಡಿ, ಜೂನ್ 15ರೊಳಗೆ ಅಂಚೆಗೆ ಹಾಕಬೇಕು.