ಊರವರೂ ಸ್ವಯಂಸೇವಕರೂ ಸೇರಿ ಶಾಲಾ ಕೊಠಡಿ ಕಟ್ಟುವ ಬಗೆ

ಮಲೆನಾಡಿನ ಹಳ್ಳಿಯ ಸರ್ಕಾರಿ ಶಾಲೆಗೆ ಶ್ರಮದಾನದಿಂದ ಕೊಠಡಿ ಕಟ್ಟಲು ಹೊರಡುವವರು ಗುದ್ದಲಿ ಹಿಡಿಯುವ ಮೊದಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕರೆದು ಠರಾವು ಮಾಡಿಸಿ, ಜಾಗದ ದಾಖಲೆಗಳನ್ನು ಪರಿಶೀಲಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಲಿಖಿತ ಅನುಮತಿಯನ್ನೂ ಎಂಜಿನಿಯರ್ ಸಹಿ ಮಾಡಿದ ನಕ್ಷೆಯನ್ನೂ ಪಡೆಯಬೇಕು. ದಾನ ಕೊಟ್ಟ ಜಾಗವಾದರೆ ದಾನಪತ್ರ ನೋಂದಣಿಯಾಗಿರಲಿ. ಅಜ್ಜ ಬಾಯಿಮಾತಿನಲ್ಲಿ ಕೊಟ್ಟದ್ದನ್ನು ಮೊಮ್ಮಕ್ಕಳು ಒಪ್ಪಬೇಕೆಂದೇನೂ ಇಲ್ಲ.

ಅಡಿಕೆ ಕೊಯ್ಲು ಮುಗಿದ ಮೇಲೆ ಆರಂಭಿಸಿದರೆ ಊರವರ ಕೈ ಬಿಡುವಾಗಿರುತ್ತದೆ, ಮುಂಗಾರಿಗೆ ಮುನ್ನ ಚಾವಣಿಯೂ ಮುಗಿಯುತ್ತದೆ. ತಳಪಾಯ ಅಗೆಯುವುದು, ಜಂಬಿಟ್ಟಿಗೆ ಸಾಗಿಸುವುದು, ಮರಳು ಜರಡಿ ಹಿಡಿಯುವುದು ಯಾರಿಂದಲೂ ಆಗುವ ಕೆಲಸ. ಆದರೆ ತೂಗುಗುಂಡು ಹಿಡಿದು ಗೋಡೆ ಏರಿಸುವುದನ್ನೂ ಕಬ್ಬಿಣ ಕಟ್ಟುವುದನ್ನೂ ನುರಿತ ಮೇಸ್ತ್ರಿಗೆ ಕೂಲಿ ಕೊಟ್ಟೇ ಮಾಡಿಸಬೇಕು. ಇಲ್ಲಿ ಉಳಿತಾಯ ಸಲ್ಲದು.

ಶ್ರಮದಾನ ಸಾಮಾನ್ಯವಾಗಿ ಸೋಲುವುದು ನೀರು ಹಾಕುವ ಹಂತದಲ್ಲಿ. ಕಾಂಕ್ರೀಟ್ ಹಾಕುವ ದಿನ ಇಡೀ ಊರು ನೆರೆಯುತ್ತದೆ, ಮೂರನೆಯ ದಿನ ಕೊಡ ಹಿಡಿಯಲು ಒಬ್ಬರೂ ಇರುವುದಿಲ್ಲ. ಕಾಂಕ್ರೀಟನ್ನು ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆತ ಮಿಶ್ರ ಸಿಮೆಂಟ್ ಬಳಸಿದ್ದರೆ 10 ದಿನವಾದರೂ ಒದ್ದೆಯಾಗಿ ಇಡಬೇಕಾದ್ದರಿಂದ, ಗೋಣಿಚೀಲ ಹೊದಿಸಿ, ದಿನಕ್ಕೆ ಎರಡು ಮನೆಯಂತೆ ಸರದಿ ಗೊತ್ತುಮಾಡಿ, ಆ ಪಟ್ಟಿಯನ್ನು ಶಾಲೆಯ ಕಪ್ಪುಹಲಗೆಯ ಮೇಲೆಯೇ ಬರೆದಿಡಿ. ಅಂಚಿನ ಗೋಣಿ ಬೆಳ್ಳಗೆ ಒಣಗಿ ಸೆಟೆದು ನಿಂತಿದ್ದರೆ ಸರದಿ ತಪ್ಪಿದೆಯೆಂದೇ ಅರ್ಥ.

ಖರ್ಚಿನ ರಸೀದಿಗಳನ್ನು ಪ್ರತಿ ವಾರ ಗ್ರಾಮಸ್ಥರ ಮುಂದೆ ಓದಿ ಹೇಳುವುದು ಒಳ್ಳೆಯದು.