ಲಿಸ್ಪ್‌ನ ಕೋಟ್ ನನಗೆ ಅರ್ಥವಾದ ಬಗೆ

ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವ, ಇಮ್ಯಾಕ್ಸ್ ಎಡಿಟರ್‌ನ ಆರಂಭಿಕ ಕಡತವನ್ನು ತೆರೆದರೆ ಎಲ್ಲಿ ನೋಡಿದರೂ ಒಂಟಿ ಕೋಟ್ ಚಿಹ್ನೆ ('). ಕೆಲವು ಹೆಸರುಗಳ ಮುಂದೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಬೇರೆಯವರ ಸಾಲುಗಳನ್ನು ತಂದು ಅಂಟಿಸುವಷ್ಟು ಕಾಲ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ನಾನೇ ಒಂದು ಮ್ಯಾಕ್ರೊ (ಕೋಡ್ ಅನ್ನೇ ಕಟ್ಟಿಕೊಡುವ ಕೋಡ್) ಬರೆಯಬೇಕಾಗಿ ಬಂದಾಗ ಬುಡದಿಂದ ತಿಳಿದುಕೊಳ್ಳದೆ ಗತ್ಯಂತರವಿರಲಿಲ್ಲ.

‘ಕೋಟ್ ಹಾಕಿದರೆ ಬೆಲೆ ಕಟ್ಟುವುದಿಲ್ಲ’ (ಅಂದರೆ ಲೆಕ್ಕ ಹಾಕಿ ಫಲಿತ ಪಡೆಯುವುದಿಲ್ಲ) ಎಂಬ ವಿವರಣೆ ಸುಳ್ಳಲ್ಲ, ಆದರೆ ಅಷ್ಟರಿಂದ ಏನೂ ಬಗೆಹರಿಯುವುದಿಲ್ಲ. ಲಿಸ್ಪ್‌ನಲ್ಲಿ ಕೆಲಸ ಎರಡು ಹಂತದಲ್ಲಿ ಸಾಗುತ್ತದೆ: ರೀಡರ್ ಅಕ್ಷರಗಳನ್ನು ಓದಿ ಪಟ್ಟಿ ಕಟ್ಟುತ್ತದೆ, ಇವ್ಯಾಲ್ ಆ ಪಟ್ಟಿಗೆ ಬೆಲೆ ಕಟ್ಟುತ್ತದೆ. ಕೋಟ್ ಚಿಹ್ನೆಯ ಕಥೆ ಮೊದಲ ಹಂತದಲ್ಲೇ ಮುಗಿಯುತ್ತದೆ. ರೀಡರ್ 'ಹಾಲು ಎಂಬುದನ್ನು ಕಂಡೊಡನೆ (ಕೋಟ್ ಹಾಲು) ಎಂಬ ಎರಡು ಸದಸ್ಯರ ಪಟ್ಟಿಯನ್ನು ಕಟ್ಟಿ ಮುಂದಕ್ಕೆ ಕೊಡುತ್ತದೆ. ಲಿಸ್ಪ್‌ನ ಜನಕ ಜಾನ್ ಮೆಕಾರ್ಥಿ 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲೇ ಕೋಟ್ ಇದೆ. ಚಿಹ್ನೆ ಆಮೇಲೆ ಬಂದ ಮೊಟಕು ರೂಪ.

ಇದನ್ನು ನಂಬಲು ನನಗೆ ಕಣ್ಣಾರೆ ನೋಡಬೇಕಿತ್ತು. ಇಮ್ಯಾಕ್ಸ್‌ನಲ್ಲಿ ಕನ್ನಡದ ಪದಗಳನ್ನೇ ಹೆಸರುಗಳಾಗಿ ಬಳಸಬಹುದು, ಹಾಗಾಗಿ ಪ್ರಯೋಗ ಕನ್ನಡದಲ್ಲೇ ನಡೆಯಿತು. (ಲಿಸ್ಪ್‌ನ ಸ್ವಂತ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ.) ಎರಡು ಚಿಹ್ನೆ ಹಾಕಿ (ಕಾರ್ ''ಹಾಲು) ಎಂದು ಪಟ್ಟಿಯ ಮೊದಲ ಸದಸ್ಯನನ್ನು ಕೇಳಿದರೆ ಬರುವ ಉತ್ತರ: ಕೋಟ್. (ಲೆಂತ್ ''ಹಾಲು) ಎಂದು ಉದ್ದ ಕೇಳಿದರೆ 2. ಒಂದು ಕೋಟ್ ಅನ್ನು ಇವ್ಯಾಲ್ ಬಿಚ್ಚಿತು, ಇನ್ನೊಂದು ಪಟ್ಟಿಯಾಗಿಯೇ ಉಳಿಯಿತು. ಕೋಟ್ ಇಲ್ಲದೆ (1 2 3) ಎಂದು ಕೊಟ್ಟರೆ ಇವ್ಯಾಲ್ ಮೊದಲ ಸದಸ್ಯನನ್ನೇ ಫಂಕ್ಷನ್ ಎಂದುಕೊಳ್ಳುತ್ತದೆ, 1 ಎಂಬ ಫಂಕ್ಷನ್ ಸರಿಯಿಲ್ಲ ಎಂದು ದೂರು ಬರುತ್ತದೆ.

ಹಾಗಾದರೆ ಯಾವಾಗ ಹಾಕಬೇಕು? ಕರೆಯುತ್ತಿರುವುದು ಮಾಮೂಲಿ ಫಂಕ್ಷನ್ನೋ, ತನ್ನದೇ ನಿಯಮವಿರುವ ವಿಶೇಷ ರೂಪವೋ ಎಂದು ನಾನು ಮೊದಲು ನೋಡುತ್ತೇನೆ. ಫಂಕ್ಷನ್ ಆದರೆ ಒಳಗೆ ಹೋಗುವ ಮುನ್ನವೇ ಅದಕ್ಕೆ ಕೊಟ್ಟ ಎಲ್ಲ ಆರ್ಗ್ಯುಮೆಂಟ್‌ಗಳಿಗೂ ಬೆಲೆ ಕಟ್ಟಲಾಗುತ್ತದೆ. ‘ಬೆಲೆ’ ಎಂಬ ಹೆಸರಿಗೆ 44 ಕೊಡಬೇಕು ಎನ್ನೋಣ. ಸೆಟ್ ಒಂದು ಫಂಕ್ಷನ್, ಆದ್ದರಿಂದ (ಸೆಟ್ 'ಬೆಲೆ 44). ಸೆಟ್‌ಕ್ಯೂ ವಿಶೇಷ ರೂಪ, ಮೊದಲ ಹೆಸರಿಗೆ ಅದು ಬೆಲೆ ಕಟ್ಟುವುದಿಲ್ಲ, ಆದ್ದರಿಂದ (ಸೆಟ್‌ಕ್ಯೂ ಬೆಲೆ 44). ಸಂಖ್ಯೆ, ಸ್ಟ್ರಿಂಗ್ (ಅಕ್ಷರಗಳ ಸಾಲು), ನಿಲ್ (ಖಾಲಿ ಪಟ್ಟಿ) ಇವುಗಳಿಗೆ ತಮ್ಮ ಬೆಲೆ ತಾವೇ, ಕೋಟ್ ಬೇಕಿಲ್ಲ.

ಬ್ಯಾಕ್‌ಕೋಟ್‌ನಲ್ಲಿ (` ಚಿಹ್ನೆ) ನಿಜವಾದ ಸೊಗಸಿದೆ. '((ಹಾಲು . ಬೆಲೆ)) ಎಂದರೆ ಬೆಲೆ ಎಂಬ ಹೆಸರೇ ಪಟ್ಟಿಯಲ್ಲಿ ಕೂರುತ್ತದೆ, 44 ಬರುವುದಿಲ್ಲ (ನಡುವಿನ ಚುಕ್ಕಿ ಎರಡನ್ನು ಜೋಡಿ ಮಾಡುತ್ತದೆ). `((ಹಾಲು . ,ಬೆಲೆ)) ಎಂದರೆ ((ಹಾಲು . 44)) ಸಿಗುತ್ತದೆ: ಅಲ್ಪವಿರಾಮ ಇದ್ದಲ್ಲಿ ಮಾತ್ರ ಬೆಲೆ ಕಟ್ಟು, ಉಳಿದದ್ದನ್ನು ಇದ್ದ ಹಾಗೆ ಬಿಡು. ಅಲ್ಪವಿರಾಮದ ಜೊತೆ @ ಸೇರಿದರೆ ಸಿಕ್ಕ ಪಟ್ಟಿಯ ಆವರಣ ಕಳಚಿ ಸದಸ್ಯರು ಸಾಲಿಗೆ ಸೇರುತ್ತಾರೆ. `(1 ,(ಲಿಸ್ಟ್ 2 3) 4) ಎಂಬುದು (1 (2 3) 4) ಆಗುತ್ತದೆ. `(1 ,@(ಲಿಸ್ಟ್ 2 3) 4) ಎಂಬುದು (1 2 3 4). ಮ್ಯಾಕ್ರೊಗೆ ಕೊಟ್ಟ ಹೇಳಿಕೆಗಳನ್ನು ಅದು ಕಟ್ಟುವ ಕೋಡ್‌ನೊಳಗೆ ಇಳಿಸಲು ನನಗೆ ಬೇಕಾಗಿದ್ದದ್ದು ಈ ಎರಡನೆಯದೇ. ಬರೆದ ಮೇಲೆ ಮ್ಯಾಕ್ರೊಎಕ್ಸ್‌ಪ್ಯಾಂಡ್ (ಮ್ಯಾಕ್ರೊ ಕಟ್ಟುವ ಕೋಡ್ ತೋರಿಸುವ ಫಂಕ್ಷನ್) ಹಾಕಿ, ಹೊರಬರುವ ಕೋಡ್ ಕಣ್ಣಿಗೆ ಸರಿ ಕಂಡ ನಂತರವೇ ಓಡಿಸುತ್ತೇನೆ.

ಕೋಟ್ ಮಾಡಿದ ಪಟ್ಟಿಯ ಇನ್ನೊಂದು ಗುಣವನ್ನು ಬೇಕೆಂದೇ ಕೆಣಕಿ ನೋಡಿದೆ. ಒಂದು ಫಂಕ್ಷನ್‌ನ ಒಡಲಲ್ಲಿ (ಎನ್‌ಕಾಂಕ್ '(1 2) (ಲಿಸ್ಟ್ 3)) ಎಂದು, ಒಂದು ಪಟ್ಟಿಯ ಬಾಲಕ್ಕೆ ಇನ್ನೊಂದನ್ನು ಜೋಡಿಸುವಂತೆ ಬರೆದೆ. ಮೊದಲ ಸಲ ಕರೆದಾಗ (1 2 3), ಮರುಸಲ (1 2 3 3). ಪ್ರತಿ ಕರೆಗೂ ಹೊಸ ಪಟ್ಟಿ ಹುಟ್ಟುವುದಿಲ್ಲ. ರೀಡರ್ ಒಮ್ಮೆ ಕಟ್ಟಿದ ಅದೇ ಪಟ್ಟಿಯ ಬಾಲಕ್ಕೆ ಎನ್‌ಕಾಂಕ್ ಗಂಟು ಹಾಕುತ್ತ ಹೋಗುತ್ತದೆ, ಅಂದರೆ ಫಂಕ್ಷನ್ ತನ್ನ ಒಡಲನ್ನೇ ತಿದ್ದಿಕೊಳ್ಳುತ್ತದೆ. ಆಮೇಲೆ ತಿದ್ದಲಿರುವ ಪಟ್ಟಿಯಾದರೆ '(1 2) ಬದಲು (ಲಿಸ್ಟ್ 1 2) ಎಂದೇ ಬರೆಯುತ್ತೇನೆ. ಬ್ಯಾಕ್‌ಕೋಟ್ ಕಟ್ಟಿದ ಪಟ್ಟಿಯನ್ನೂ ತಿದ್ದಲು ಹೋಗುವುದಿಲ್ಲ. ಅದರ ಬಾಲವೂ ಹೀಗೆ ಹಂಚಿಕೊಂಡದ್ದಾಗಿರಬಹುದು.