ಸ್ಲ್ಯಾಬ್ ಹಾಕುವ ಮುಂಚಿನ ವಾರ: ನನ್ನ ಇಂಟರ್ನ್‌ಶಿಪ್ ಅನುಭವ

ಸಿವಿಲ್ ಓದುವಾಗ ಬೇಸಿಗೆ ರಜೆಯಲ್ಲಿ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಇಂಟರ್ನ್ ಆಗಿದ್ದೆ. ವಿಭಾಗ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್. ಹೆಸರು ದೊಡ್ಡದು. ಮಾಡುವ ಕೆಲಸ ಮಾತ್ರ ಒಂದೇ: ನಾಳೆ ಆಗಬೇಕಾದ ಕೆಲಸಕ್ಕೆ ಇವತ್ತು ಏನು ಕಮ್ಮಿ ಇದೆ ಅಂತ ಹುಡುಕುವುದು.

ಹೋಗುವ ಮುಂಚೆ ಪ್ರೈಮಾವೆರಾ ಅನ್ನುವ ಪ್ಲಾನಿಂಗ್ ಸಾಫ್ಟ್‌ವೇರ್ ಕಲಿತಿದ್ದೆ. ಯಾವ ಕೆಲಸ ಯಾವಾಗ ಅಂತ ಗೆರೆಗಳಲ್ಲಿ ತೋರಿಸುವ ಬಾರ್ ಚಾರ್ಟ್ ಮಾಡಲು ಬರುತ್ತಿತ್ತು, ಕ್ರಿಟಿಕಲ್ ಪಾತ್ (ತಡವಾದರೆ ಇಡೀ ಪ್ರಾಜೆಕ್ಟೇ ತಡವಾಗುವ ಕೆಲಸಗಳ ಸರಣಿ) ಲೆಕ್ಕ ಗೊತ್ತಿತ್ತು. ಆದರೆ ನಮ್ಮ ಸೈಟಿನಲ್ಲಿ ಆ ದೊಡ್ಡ ಚಾರ್ಟ್ ನೋಡಿಕೊಂಡು ಯಾರೂ ಕೆಲಸ ಮಾಡುತ್ತಿರಲಿಲ್ಲ. ಅದು ಆಫೀಸ್ ಗೋಡೆ ಮೇಲಿತ್ತು. ಕೆಲಸ ನಡೆಯುತ್ತಿದ್ದದ್ದು ಮುಂದಿನ ಮೂರು ವಾರದ ಪಟ್ಟಿಯ ಮೇಲೆ. ಅದನ್ನು ಲುಕ್ ಅಹೆಡ್ ಅನ್ನುತ್ತಾರೆ. ಪ್ರತಿ ಕೆಲಸದ ಎದುರು ನಾಲ್ಕೈದು ಕಾಲಂ: ಡ್ರಾಯಿಂಗ್ ಬಂದಿದೆಯಾ, ಸಾಮಾನು ಬಂದಿದೆಯಾ, ಆಳು ಇದ್ದಾರಾ, ಹಿಂದಿನ ಕೆಲಸ ಮುಗಿದಿದೆಯಾ, ಚೆಕಿಂಗ್ ಆಗಿದೆಯಾ. ಈ ಪಟ್ಟಿ ತುಂಬಿಸುವುದು ನನ್ನ ಪಾಲಿಗೆ ಬಂತು.

ಒಂದು ಸ್ಲ್ಯಾಬ್ ಹಾಕುವುದನ್ನೇ ತೆಗೆದುಕೊಳ್ಳಿ. ಚಾರ್ಟಿನಲ್ಲಿ ಅದು ಒಂದೇ ಗೆರೆ. ಸೈಟಿನಲ್ಲಿ ಮೊದಲು ಸೆಂಟ್ರಿಂಗ್, ಅಂದರೆ ಕಾಂಕ್ರೀಟನ್ನು ಹೊರುವ ಹಲಗೆ ಮತ್ತು ಅದರ ಆಸರೆ. ಅದರ ಮೇಲೆ ಕೆಳಗಿನ ಕಂಬಿ. ಆಮೇಲೆ ಎಲೆಕ್ಟ್ರಿಷಿಯನ್ ಬಂದು ಪೈಪ್ ಎಳೆದು, ಫ್ಯಾನ್ ಬಾಕ್ಸ್ ಕೂರಿಸಬೇಕು. ಪ್ಲಂಬರ್ ಮುಂದೆ ಪೈಪ್ ಹಾಯಲು ಜಾಗ ಬಿಡುವ ಸ್ಲೀವ್ ಇಡಬೇಕು. ಆಮೇಲೆ ಮೇಲಿನ ಕಂಬಿ, ಅದು ಕೆಳಗೆ ಕುಸಿಯದಂತೆ ಚೇರ್ ಅನ್ನುವ ಬಗ್ಗಿಸಿದ ಕಂಬಿಯ ಆಸರೆ. ಅಂದರೆ ಎಲೆಕ್ಟ್ರಿಷಿಯನ್‌ಗೆ ಸಿಗುವುದು ಎರಡು ಜಾಲರಿಗಳ ಮಧ್ಯದ ಸಣ್ಣ ಸಮಯ ಅಷ್ಟೇ. ಅವತ್ತು ಅವರು ಬರಲಿಲ್ಲ ಅಂದರೆ ಕಂಬಿಯವರು ಕಾಯುವುದಿಲ್ಲ, ಮೇಲಿನ ಜಾಲರಿ ಕಟ್ಟಿಬಿಡುತ್ತಾರೆ. ಅವರಿಗೆ ಕೂಲಿ ಟನ್ ಲೆಕ್ಕದಲ್ಲಿ, ಸುಮ್ನೆ ಕೂತರೆ ನಷ್ಟ. ಆಮೇಲೆ ಪೈಪ್ ಬಗ್ಗಿಸಿ ತೂರಿಸುವ ಸರ್ಕಸ್ ಶುರುವಾಗುತ್ತದೆ. ಇಬ್ಬರದೂ ತಪ್ಪಲ್ಲ. ಹಿಂದಿನ ದಿನ ಒಂದು ಫೋನ್ ಮಾಡಬೇಕಿತ್ತು, ಯಾರೂ ಮಾಡಿರುವುದಿಲ್ಲ. ಆ ಫೋನ್ ಮಾಡುವವರೇ ಮ್ಯಾನೇಜ್‌ಮೆಂಟ್!

ಎಲ್ಲ ಆದ ಮೇಲೆ ಪೋರ್ ಕಾರ್ಡ್, ಅಂದರೆ ಕಾಂಕ್ರೀಟ್ ಸುರಿಯಲು ಒಪ್ಪಿಗೆಯ ಚೀಟಿ. ಕಂಬಿ, ಸೆಂಟ್ರಿಂಗ್, ಎಲೆಕ್ಟ್ರಿಕಲ್, ಪ್ಲಂಬಿಂಗ್, ಎಲ್ಲರ ಸಹಿ ಬಿದ್ದ ಮೇಲೇ ಕಾಂಕ್ರೀಟ್‌ಗೆ ಆರ್ಡರ್. ಕಾರ್ಡ್ ಹಿಡಿದು ಸೀನಿಯರ್ ಎಂಜಿನಿಯರ್ ಹಿಂದೆ ಮೂಲೆ ಮೂಲೆ ಸುತ್ತುತ್ತಿದ್ದೆ. ಅವರು ಕೂತು ನೋಡುತ್ತಿದ್ದದ್ದು ಕವರ್ ಬ್ಲಾಕ್. ಕಂಬಿ ಹಲಗೆಗೆ ಅಂಟಿಕೊಂಡಿದ್ದರೆ ಕಾಂಕ್ರೀಟ್ ಕೆಳಗೆ ಇಳಿಯುವುದಿಲ್ಲ, ಮುಂದೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಸ್ಲ್ಯಾಬಿನ ಕಂಬಿ ಕೆಳಗೆ 20 ಅಥವಾ 25 ಮಿಲಿಮೀಟರ್ ದಪ್ಪದ ಪುಟ್ಟ ಬ್ಲಾಕ್. ಜನ ಓಡಾಡಿದಾಗ ಅವು ಪಕ್ಕಕ್ಕೆ ಜಾರುತ್ತವೆ. ಆದ್ದರಿಂದ ಬೆಳಿಗ್ಗೆ ನೋಡಿದ್ದನ್ನು ಸಂಜೆ ಮತ್ತೆ ನೋಡಬೇಕು.

ಕ್ವಾಂಟಿಟಿ ಲೆಕ್ಕ ನನಗೆ ಜಾಸ್ತಿ ಇಷ್ಟವಾದ ಭಾಗ. 20 ಮೀಟರ್ ಉದ್ದ, 12 ಮೀಟರ್ ಅಗಲ, 150 ಮಿಲಿಮೀಟರ್ ದಪ್ಪದ ಸ್ಲ್ಯಾಬ್ ಅಂದರೆ 36 ಘನ ಮೀಟರ್. ಬೀಮಿನಲ್ಲಿ ಸ್ಲ್ಯಾಬಿನಿಂದ ಕೆಳಗಿರುವ ಭಾಗ ಮಾತ್ರ ಕೂಡಿಸಬೇಕು, ಇಲ್ಲದಿದ್ದರೆ ಒಂದೇ ಕಾಂಕ್ರೀಟ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಬೀಮ್ ಸೇರಿ ಸುಮಾರು 45 ಅಂತಿಟ್ಟುಕೊಳ್ಳಿ. 6 ಘನ ಮೀಟರಿನ ಲಾರಿಯಾದರೆ ಏಳು ಪೂರ್ತಿ, ಎಂಟನೆಯದು ಅರ್ಧ. ಈ ಕೊನೆಯ ಲಾರಿಯನ್ನು ಮೊದಲೇ ಹೇಳಬಾರದು. ಏಳನೆಯದು ಸುರಿಯುತ್ತಿರುವಾಗ ಅದು ಎಲ್ಲಿವರೆಗೆ ಬರುತ್ತದೆ ಅಂತ ಅಂದಾಜು ಮಾಡಿ, ಉಳಿದ ಜಾಗಕ್ಕೆ ಟೇಪ್ ಹಿಡಿದು, ಆಮೇಲೆ ಕಾಂಕ್ರೀಟ್ ಕಲಸಿ ಕಳಿಸುವ ಪ್ಲಾಂಟಿಗೆ ಹೇಳಬೇಕು. ಸೆಂಟ್ರಿಂಗ್ ಸ್ವಲ್ಪ ಕೆಳಗೆ ಬಾಗಿದ್ದರೂ ಡ್ರಾಯಿಂಗ್ ಲೆಕ್ಕ ಏರುಪೇರಾಗುತ್ತದೆ.

ಕಾಂಕ್ರೀಟ್ ದಿನ ನನ್ನ ಕೈಗೆ ಸ್ಲಂಪ್ ಕೋನ್ ಕೊಟ್ಟರು, ಕಾಂಕ್ರೀಟ್ ಎಷ್ಟು ತೆಳು ಅಥವಾ ಗಟ್ಟಿ ಇದೆ ಅಂತ ನೋಡುವ ಅಚ್ಚು ಅದು. ಎತ್ತರ 300 ಮಿಲಿಮೀಟರ್, ಬುಡ 200, ಬಾಯಿ 100. ಪದರ ಪದರವಾಗಿ ತುಂಬಿ, ಒಂದೊಂದು ಪದರಕ್ಕೂ ರಾಡಿನಿಂದ 25 ಸಲ ಚುಚ್ಚಿ, ಕೋನ್ ನೇರಕ್ಕೆ ಎತ್ತಿ, ಕಾಂಕ್ರೀಟ್ ಎಷ್ಟು ಕುಸಿಯಿತು ಅಂತ ಅಳೆಯುವುದು. ಕಾಲೇಜು ಲ್ಯಾಬಿನಲ್ಲೂ ಮಾಡಿದ್ದೆ. ವ್ಯತ್ಯಾಸ ಏನಂದರೆ ಇಲ್ಲಿ ಆ ಅಳತೆಗಾಗಿ ಲಾರಿ ಕಾಯುತ್ತಿರುತ್ತದೆ. ಮಿಕ್ಸ್ ಆದ ಕಾಂಕ್ರೀಟನ್ನು ಸಾಮಾನ್ಯವಾಗಿ ಒಂದೂವರೆ ಗಂಟೆಯೊಳಗೆ ಸುರಿದು ಮುಗಿಸಬೇಕು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬಂದ ಒಂದು ಲಾರಿಯ ಕಾಂಕ್ರೀಟ್ ಗಟ್ಟಿಯಾಗಿತ್ತು. ಡ್ರೈವರ್ ಪೈಪ್ ಹಿಡಿದು ನೀರು ಬಿಡಲು ಹೊರಟರು. ನೀರು ಹಾಕಿದರೆ ಸುರಿಯುವುದು ಸುಲಭ, ಬಲ ಹೋಗುತ್ತದೆ. ಸೀನಿಯರ್ ಬಂದು ತಡೆದರು, ಲಾರಿ ವಾಪಸ್ ಹೋಯಿತು. ಮುಂದಿನ ಲಾರಿ ಬರುವವರೆಗೆ ಎಲ್ಲರ ಮುಖವೂ ದಪ್ಪಗಿತ್ತು ಅನ್ನಿ.

ಪ್ರತಿ ವಾರ ಒಂದು ಮೀಟಿಂಗ್ ಇರುತ್ತಿತ್ತು. ಹೋದ ವಾರ ಮಾಡುತ್ತೇವೆ ಅಂದ ಕೆಲಸಗಳಲ್ಲಿ ಎಷ್ಟು ಮುಗಿದವು ಅನ್ನುವ ಲೆಕ್ಕ. 20 ಹೇಳಿ 13 ಮುಗಿದಿದ್ದರೆ 65 ಶೇಕಡಾ. ಅರ್ಧ ಆಗಿದೆ ಅನ್ನುವುದಕ್ಕೆ ಮಾರ್ಕ್ಸ್ ಇಲ್ಲ, ಮುಗಿದಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಲಾಸ್ಟ್ ಪ್ಲಾನರ್ ಅಂತ ಕರೆಯುವ ಈ ಪದ್ಧತಿಯನ್ನು 1990ರ ದಶಕದಲ್ಲಿ ಗ್ಲೆನ್ ಬಲ್ಲಾರ್ಡ್, ಗ್ರೆಗ್ ಹೋವೆಲ್ ಬೆಳೆಸಿದರು. ಮುಗಿಯದ ಪ್ರತಿ ಕೆಲಸಕ್ಕೂ ಕಾರಣ ಬರೆಯಬೇಕು. ಅದನ್ನು ಬರೆದುಕೊಳ್ಳುತ್ತಿದ್ದವನು ನಾನೇ. ಆಳು ಕಮ್ಮಿ, ಮಳೆ ಅಂತ ಜಾಸ್ತಿ ಇರುತ್ತದೆ ಅಂದುಕೊಂಡಿದ್ದೆ. ನನ್ನ ಪಟ್ಟಿಯಲ್ಲಿ ಮೇಲೆ ಬಂದದ್ದು ಹಿಂದಿನ ಕೆಲಸ ಮುಗಿದಿಲ್ಲ, ಡ್ರಾಯಿಂಗ್‌ನಲ್ಲಿ ಸಂದೇಹ, ಸಾಮಾನು ಬಂದಿಲ್ಲ, ಈ ಮೂರು. ಮೂರೂ ಮುಂಚಿನ ವಾರವೇ ಕಾಣುವಂಥವು.

ದಿನದ ರಿಪೋರ್ಟ್ ಬಗ್ಗೆಯೂ ಒಂದು ಮಾತು. ‘ಬ್ಲಾಕ್ ಕೆಲಸ ಪ್ರಗತಿಯಲ್ಲಿದೆ’ ಅಂತ ಬರೆದರೆ ಸೀನಿಯರ್ ಅದಕ್ಕೆ ಗೆರೆ ಹೊಡೆಯುತ್ತಿದ್ದರು. ಎಷ್ಟು ಚದರ ಮೀಟರ್, ಎಷ್ಟು ಗಾರೆಯವರು, ಎಷ್ಟು ಹೆಲ್ಪರ್? ಇದು ಗೊತ್ತಿದ್ದರೆ ತಾನೇ ಮುಂದಿನ ಮಹಡಿಗೆ ಎಷ್ಟು ದಿನ ಬೇಕು ಅಂತ ಹೇಳಲು ಆಗುವುದು, ಅಲ್ವಾ?

ಹೋಗುವವರು ಟೇಪ್, ಸಣ್ಣ ನೋಟ್‌ಬುಕ್, ಸೇಫ್ಟಿ ಶೂ ಇಟ್ಟುಕೊಳ್ಳಿ. ಕಂಬಿಯ ತೂಕಕ್ಕೆ ಮಿಲಿಮೀಟರಿನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತದೆ. 12 ಎಂಎಂ ಕಂಬಿ 0.89 ಬರುತ್ತದೆ, ದಿನಾ ಬೇಕಾಗುತ್ತದೆ. ಬಾರ್ ಬೆಂಡಿಂಗ್ ಮೇಸ್ತ್ರಿ ಜೊತೆ ಕೂತು ಒಂದು ಬೀಮಿನ ಶೆಡ್ಯೂಲ್ (ಯಾವ ಕಂಬಿ ಎಷ್ಟು ಉದ್ದ, ಎಷ್ಟು ಬೇಕು ಅನ್ನುವ ಪಟ್ಟಿ) ಬರೆಯಿರಿ, ಡ್ರಾಯಿಂಗ್ ಓದುವುದು ಅಲ್ಲೇ ಬರುತ್ತದೆ. ಯಾವ ಡ್ರಾಯಿಂಗ್ ಕೈಗೆ ಬಂದರೂ ಮೊದಲು ಮೂಲೆಯಲ್ಲಿರುವ ರಿವಿಷನ್ ನಂಬರ್ ನೋಡಿ. ಹಳೇ ಪ್ರತಿ ಸೈಟಿನಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.